ಸೀಮಂತದ ಕುರ್ಚಿ

"ಲೇ ಮುಂಡೆ, ನೆಟ್ಟಗೆ ನಿಂತ್ಕಳೇ. ಫೋಟೋದಾಗೆ ಕುಂಟಿ ಇದ್ದಂಗೆ ಕಾಣ್ತೀಯ."

ಹೊಳವನಹಳ್ಳಿಯ ಸಾಮೂಹಿಕ ಸೀಮಂತದಲ್ಲಿ ಬಸುರಿಯರಿಗೆ ಕುಂಕುಮ ಇಡುವುದಕ್ಕೂ ಮುಂಚೆ ಮೇಸ್ತ್ರಿ ಹಾಲೇಶ್ ಹರಸಿದ್ದು ಹೀಗೆ. ಪಾವಗಡದ ಕಡೆಯಿಂದ ಇಟ್ಟಿಗೆ ಗೂಡಿಗೆ ಕೂಲಿಗೆ ಬಂದ ರಾಮಾಂಜಿನಮ್ಮನಿಗೆ ಅದು ದಿನಾ ಕೇಳುವ ಸುಪ್ರಭಾತ. ಹೊಸದೆಂದರೆ ನೋವು. ಏಳು ತಿಂಗಳು ತುಂಬಿದ ಮೇಲೆ ತೊಡೆಸಂದಿನ ಮೂಳೆ ಸೀಳಿಹೋಗುವಂತೆ ನೋಯುತ್ತಿತ್ತು. ಹೊಸಿಲು ದಾಟಲೂ ಗೋಡೆ ಹಿಡಿಯಬೇಕು. ಇಟ್ಟಿಗೆ ಮಾತ್ರ ಹೊರಲೇಬೇಕು.

ಹಿಂದೊಮ್ಮೆ ಆಸ್ಪತ್ರೆಗೆ ಹೋದಾಗ ಡಾಕ್ಟರ್ ರಂಗೇಶ್ ಮುಖವನ್ನೂ ಎತ್ತದೆ, "ಬಸುರಿ ಅಂದ್ಮೇಲೆ ನೋವು ಇರುತ್ತಮ್ಮ" ಎಂದು ಕಬ್ಬಿಣದ ಮಾತ್ರೆ ಬರೆದುಕೊಟ್ಟಿದ್ದರು. ಆಮೇಲೆ ಹೋದಾಗಲೆಲ್ಲ ಅವರು ಮೀಟಿಂಗಿನಲ್ಲಿದ್ದರು. ಇವತ್ತು ಅಂಗನವಾಡಿ ಟೀಚರ್ ಗಂಗಾಂಬಿಕಾ, "ಬಾರಮ್ಮ, ಡಾಕ್ಟ್ರು ಬತ್ತಾರೆ, ಅಲ್ಲೇ ತೋರ್ಸ್ಕೊಂಡ್ರಾಯ್ತು" ಎಂದು ಸಮುದಾಯ ಭವನಕ್ಕೆ ಕರೆತಂದಿದ್ದಳು.

ಡಾಕ್ಟರೇನೋ ಬಂದಿದ್ದರು. ಗರ್ಭಿಣಿಯರು ವಿಶ್ರಾಂತಿ ಪಡೆಯಬೇಕು, ಹೆಚ್ಚು ಹೊತ್ತು ನಿಲ್ಲಬಾರದು ಎಂದು ಮೈಕಿನಲ್ಲಿ ಸೊಗಸಾಗಿ ಹೇಳುತ್ತಿದ್ದರು. ಗರ್ಭಿಣಿಯರು ನಿಂತುಕೊಂಡೇ ಕೇಳುತ್ತಿದ್ದರು. ಕುರ್ಚಿಗಳ ತುಂಬ ಗಣ್ಯರು, ಗಣ್ಯರ ಜೊತೆ ಬಂದ ಗಣ್ಯರು. ಖಾಲಿ ಇದ್ದದ್ದು ಮೈಕಿನ ಪಕ್ಕ ಬಿಳಿ ಟವೆಲ್ ಹೊದಿಸಿದ ದೊಡ್ಡ ಕುರ್ಚಿಯೊಂದೇ. ಅದು ಮುಖ್ಯ ಅತಿಥಿಯಾದ ಗೂಡಿನ ಸಾಹುಕಾರ ರೇಣುಕಪ್ರಸಾದರಿಗೆ ಮೀಸಲು.

ಸೊಂಟದಲ್ಲಿ ಚಳಕು ಹೊಡೆಯಿತು. ರಾಮಾಂಜಿನಮ್ಮ ಗೋಡೆ ಹಿಡಿದುಕೊಂಡು ಹೋಗಿ ಆ ಕುರ್ಚಿಯಲ್ಲಿ ಕೂತುಬಿಟ್ಟಳು.

"ಏಳೇ, ಅದ್ಯಾರ ಕುರ್ಚಿ ಗೊತ್ತೇನೇ? ನಿಮ್ಮ ಕೇರಿಯೋರು ಅದ್ನ ಮುಟ್ಟಂಗಿಲ್ಲ" ಎಂದು ಹಾಲೇಶ್ ಓಡಿಬಂದ.

"ಕುಂತಾಯ್ತಲ್ಲಣ್ಣ. ಈಗ ಏಳಕ್ಕಾಗಕಿಲ್ಲ."

ಅಷ್ಟರಲ್ಲಿ ಸಾಹುಕಾರರು ಬಂದೇಬಿಟ್ಟರು. ಕೊರಳಿಗೆ ಹಾರ ಬಿತ್ತು, ಕೈಗೆ ಬಳೆಯ ತಟ್ಟೆ ಬಂತು, ಕೂರಲು ಜಾಗವಿಲ್ಲ. "ಏನ್ಲಾ ಹಾಲೇಶ ಇದು?" ಎಂದರು. ಹಾಲೇಶ್ ಅವಳ ರಟ್ಟೆ ಹಿಡಿದು ಎಳೆದ. "ಅಮ್ಮೋ" ಎಂದು ಅವಳು ಕೂತಲ್ಲೇ ಕಿರುಚಿದ್ದು ಮೈಕಿನೊಳಗೆ ಹೊಕ್ಕು ಊರಿಗೆಲ್ಲ ಕೇಳಿತು.

ಅಷ್ಟು ಜನರೆದುರು ಡಾಕ್ಟರು ಬಗ್ಗಲೇಬೇಕಾಯಿತು. ಸೊಂಟ ಒತ್ತಿ ನೋಡಿದರು, ಕಾಲು ಎತ್ತಿಸಿ ನೋಡಿದರು.

"ತೊಡೆಸಂದೀಲಿ ಮೂಳೆ ಕೂಡೋ ಜಾಗ ಸಡಿಲ ಆಗಿದೆ. ಇಷ್ಟು ದಿನ ಯಾಕಮ್ಮ ತೋರಿಸಲಿಲ್ಲ?"

"ತೋರ್ಸಕ್ಕೆ ಬಂದಿದ್ದೆ ಸಾ. ನೀವು ನೋಡ್ಲಿಲ್ಲ."

ಡಾಕ್ಟರು ದನಿ ತಗ್ಗಿಸಿದರು. "ಸೊಂಟಕ್ಕೆ ಬೆಲ್ಟ್ ಕೊಡಿಸ್ತೀನಿ, ವ್ಯಾಯಾಮ ಹೇಳಿಕೊಡ್ತೀನಿ. ಹೆರಿಗೆ ಆದ್ಮೇಲೂ ಬಂದು ತೋರಿಸ್ಬೇಕು. ಅಲ್ಲಿವರೆಗೂ ಭಾರ ಹೊರಬಾರದು. ಈಗ ಏಳಮ್ಮ."

"ಭಾರ ಹೊರ್ಬಾರ್ದು ಅಂದ್ರಲ್ಲ, ಅದ್ನ ಮೈಕ್ನಾಗೆ ಯೋಳಿ ಸಾ. ಸಾವ್ಕಾರ್ರಿಗೂ ಕೇಳ್ಸ್ಲಿ."

ಡಾಕ್ಟರು ಮೈಕಿನ ಕಡೆ ನೋಡಿದರು. ಸಾಹುಕಾರರು ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ರಾಮಾಂಜಿನಮ್ಮ ಕುರ್ಚಿಗೆ ಬೆನ್ನು ಒರಗಿಸಿ, ಮೆಲ್ಲಗೆ ಕಾಲು ಚಾಚಿದಳು.