ಗುರುಸಿದ್ದನ ಜೇಬಿನ ಬೂಚು

ರಿಪೇರಿ ಮುಗಿದ ಮೇಲೂ ಮುಗಿಯಿತೆಂದು ಹೇಳದ ಮಿಸ್ತ್ರಿ ಜಮಖಂಡಿಯಲ್ಲಿ ಒಬ್ಬನೇ, ಗುರುಸಿದ್ದ. ಉಳಿದವರು ಬಾನೆಟ್ಟು ಮುಚ್ಚುವ ಮೊದಲೇ 'ಆತ್ರೀ, ಒಯ್ರಿ' ಎಂದುಬಿಡುತ್ತಾರೆ. ಇವನು ಎಡಗಿವಿಯನ್ನು ಎಂಜಿನ್ನಿಗೆ ಕೊಟ್ಟು, ನಮ್ಮ ತಾಳ್ಮೆಯ ತಳ ಕಾಣುವವರೆಗೂ ಆಲಿಸಿ, 'ಲೋಕಾಪುರ ಮಟಾ ಹೋಗಿ ಬರ್ರಿ, ನೋಡೂಣು' ಎನ್ನುತ್ತಾನೆ. ಐವತ್ತು ವರ್ಷ ಹೀಗೆ ಆಲಿಸಿ ಅವನ ಕುತ್ತಿಗೆಯೇ ಎಡಕ್ಕೆ ವಾಲಿದೆ. ಶಾಲೆಯಲ್ಲಿ ಪಕ್ಕದಲ್ಲಿ ಕೂತವನೆಂಬ ದಾಕ್ಷಿಣ್ಯವೂ ಇಲ್ಲದೆ ನನ್ನ ಸ್ಕೂಟರನ್ನೂ ಎಷ್ಟು ಸಲ ಲೋಕಾಪುರಕ್ಕೆ ಅಟ್ಟಿದ್ದಾನೋ, ಲೆಕ್ಕವಿಲ್ಲ. ಬೇಸಿಗೆಯಲ್ಲೂ ಬಿಚ್ಚದ ಆ ಖಾಕಿ ಕೋಟು ನೋಡಿದರೆ ನನಗೇ ದಣಿವಾಗುತ್ತದೆ.

ಈ ಅತಿ ಎಚ್ಚರದ ಮೂಲ ಚನಮಲ್ಲಪ್ಪ ಡಾಕ್ಟರ ಮನೆಯ ಶೆಡ್ಡಿನಲ್ಲಿದೆ. ಜರ್ಮನಿಯಲ್ಲಿ ಓದಿದ ಡಾಕ್ಟರು ಎಪ್ಪತ್ತೊಂದರಲ್ಲಿ ಹಡಗಿನ ಮೇಲೆ ತರಿಸಿದ ಬಿಳಿಯ ಕಾರು ಅದು. ಮನೆಮಂದಿಯೆಲ್ಲ ಕಾಲು ಚಾಚಿ ಕೂರುವ ಸಂಸಾರಸ್ಥ ಗಾಡಿ; ಎಂಜಿನ್ನು ಮಾತ್ರ ಲೋಕದಂತಲ್ಲ. ಮೇಲೆ ಕೆಳಗೆ ಬಡಿದಾಡುವ ಪಿಸ್ಟನ್ನಿನ ಬದಲು ಮೂರು ಮೂಲೆಯ ಕಬ್ಬಿಣದ ಬಿಲ್ಲೆಗಳು ಗೂಡಿನೊಳಗೆ ಗರಗರ ತಿರುಗುತ್ತವೆ. ಅರವತ್ತೇಳರಲ್ಲಿ ಹುಟ್ಟಿದಾಗ ಯುರೋಪೆಲ್ಲ ಕೊಂಡಾಡಿದ ಈ ಕಾರು, ಬಿಲ್ಲೆಯ ಮೂಲೆಗಳು ಬೇಗ ಸವೆಯುತ್ತವೆಂಬ ಅಪಖ್ಯಾತಿಗೆ ಸಿಕ್ಕಿತು. ಆ ದೋಷ ತಿದ್ದಿದ ಮೇಲೂ ಹೋದ ಮಾನ ಮರಳದೆ, ಹತ್ತು ವರ್ಷಕ್ಕೆ ತಯಾರಿಕೆಯೇ ನಿಂತಿತು.

ಮೂಲೆಗಳು ಸವೆಯದಿರಲೆಂದು ಆ ಎಂಜಿನ್ನು ಸಣ್ಣ ನಳಿಯೊಂದರಿಂದ ತಾನಾಗಿಯೇ ಒಂದಿಷ್ಟು ಆಯಿಲ್ ಕುಡಿದು ಸುಡುತ್ತಿತ್ತು. ನಮ್ಮ ಕಡೆ ಆಯಿಲ್ ಸುಡುವ ಗಾಡಿಯೆಂದರೆ ರೋಗಿಷ್ಠ ಗಾಡಿ. ಟ್ರ್ಯಾಕ್ಟರು, ಜೀಪುಗಳ ಮೇಲೆ ಆ ವಿದ್ಯೆ ಕಲಿತಿದ್ದ ಇಪ್ಪತ್ತೆರಡರ ಗುರುಸಿದ್ದ, ಎಪ್ಪತ್ತೈದರಲ್ಲಿ, ಯಾರನ್ನೂ ಕೇಳದೆ ಆ ನಳಿಗೆ ಹಿತ್ತಾಳೆಯ ಬೂಚು ಬಡಿದ. ಹೊಗೆ ನಿಂತಿತು. 'ಆತ್ರೀ ಡಾಕ್ಟರ, ರೋಗ ಹೋತು' ಎಂದು ಕೈ ಒರೆಸಿಕೊಂಡ. ತಿಂಗಳೊಳಗೆ, ಮದುವೆಗೆ ಹೊರಟ ಸಂಸಾರವನ್ನು ಬೀಳಗಿ ರಸ್ತೆಯಲ್ಲಿ ಇಳಿಸಿ, ಗಾಡಿ ಶಾಶ್ವತವಾಗಿ ನಿಂತುಬಿಟ್ಟಿತು. ಬಿಚ್ಚಿ ನೋಡಿ, ಆಯಿಲ್ ಸಿಗದೆ ಮೂಲೆಗಳು ಸವೆದುಹೋದದ್ದನ್ನೂ ತನ್ನ ತಪ್ಪನ್ನೂ ಕಂಡುಕೊಂಡವನೂ ಅವನೇ. ಬೂಚನ್ನು ಕೋಟಿನ ಜೇಬಿಗಿಳಿಸಿದ, ಡಾಕ್ಟರ ಮನೆಯವರಿಗೆ ಹೇಳಲಿಲ್ಲ.

ಡಾಕ್ಟರ ಹೆಂಡತಿ ಶಿವಗಂಗವ್ವನವರು ಅಂದಿನಿಂದ ಗಂಡನನ್ನು ಬಿಡಲಿಲ್ಲ. ಬಸ್ಸು ತಪ್ಪಿದರೂ, ಹಾಲು ಉಕ್ಕಿದರೂ, ಮೂರು ಮೂಲೆಯ ಗಾಡಿ ತಂದ ಜಾಣರೆಂದು ಚುಚ್ಚುತ್ತಿದ್ದರು. 'ಗಾಡಿ ಛಲೋ ಐತಿ' ಎಂದಷ್ಟೇ ಅನ್ನುತ್ತ ಡಾಕ್ಟರು ಹನ್ನೆರಡು ವರ್ಷಗಳ ಹಿಂದೆ ತೀರಿಕೊಂಡರು.

ಹೋದ ತಿಂಗಳು ಹಳೆಯ ಕಾರುಗಳ ಹುಚ್ಚಿನ ಕೊಲ್ಲಾಪುರದವರೊಬ್ಬರು ಅದನ್ನು ನೋಡಲು ಬಂದರು. ಗಾಡಿ ತೋರಿಸಲು ಮನೆಯವರು ಗುರುಸಿದ್ದನನ್ನು ಕರೆಸಿದ್ದರು; ಒಬ್ಬನೇ ಹೋಗಲಾರೆನೆಂದು ಅವನು ನನ್ನನ್ನೂ ಎಳೆದುಕೊಂಡು ಹೋದ. ಇಷ್ಟು ಒಳ್ಳೆಯ ಗಾಡಿ ಹೇಗೆ ಕೆಟ್ಟಿತೆಂದು ಬಂದವರು ಕೇಳಿದಾಗ, ಎಂಬತ್ತು ದಾಟಿದ ಶಿವಗಂಗವ್ವನವರು ರೂಢಿಯಂತೆ ಗಂಡನನ್ನು ಬೈಯತೊಡಗಿದರು. ಗುರುಸಿದ್ದ ಜೇಬಿನಿಂದ ಬೂಚು ತೆಗೆದು ಅವರ ಅಂಗೈಯಲ್ಲಿಟ್ಟ.

"ಗಾಡಿ ಕೆಟ್ಟಿದ್ದಲ್ರೀ ಅವ್ವಾರ. ನಾ ಕೆಡಿಸಿದ್ದು."

ನಡೆದದ್ದನ್ನೆಲ್ಲ ಹೇಳಿದ. ಈಗಲಾದರೂ ಇವನ ಭಾರ ಇಳಿಯಿತಲ್ಲ ಎಂದು ನನಗೆ ನಿಜಕ್ಕೂ ಹಿತವೆನಿಸಿತು. ಅವ್ವನವರು ಬೈಯಲಿಲ್ಲ. ಬೂಚನ್ನು ಬಹಳ ಹೊತ್ತು ತಿರುವಿ ನೋಡಿದರು.

"ಅವರು ಇದ್ದಾಗ ಯಾಕ ಹೇಳಲಿಲ್ಲೋ, ಗುರುಸಿದ್ದ? ಸಾಯೂ ಮಟಾ ನಾ ಅವರನ್ನ ಬೈದೆ."

ವಾಲಿದ ಕುತ್ತಿಗೆ ಮತ್ತಷ್ಟು ವಾಲಿತು. ಕಸುಬನ್ನು ನಂಬಿ ಬದುಕುವ ಇಂಥವರು ತಮ್ಮ ಒಂದು ತಪ್ಪಿಗೆ ಊರಿನ ಸಾವಿರ ಗಾಡಿಗಳ ಮೇಲೆ ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಾರೆ. ತಪ್ಪು ನಡೆದ ಮನೆಯ ಮೆಟ್ಟಿಲು ಹತ್ತುವುದು ಮಾತ್ರ, ಕ್ಷಮಿಸಬೇಕಾದವರು ಅಲ್ಲಿ ಇಲ್ಲದಾದ ಮೇಲೆ.