ಈ ಹಾಡು ನನ್ನದಲ್ಲ

ಲೂಸಿ ತೀರಿಕೊಂಡು ವರ್ಷ ತುಂಬುತ್ತ ಬಂದಾಗ ಅವಳ ದನಿಯೂ ಹೋಯಿತು. ಕುವೆಂಪುನಗರದ ಮನೆಯಲ್ಲಿ ಆರೋಗ್ಯಸ್ವಾಮಿ ದಿನದಂತೆ ಕಾಫಿ ಹಿಡಿದು, ಹೆಂಡತಿಯ ಹಾಡು ಕೇಳೋಣವೆಂದು ಫೋನು ಒತ್ತಿದರೆ ಪರದೆ ಕಪ್ಪಗಿತ್ತು. ಕಾಪಿರೈಟ್ ಕಾರಣಕ್ಕೆ ವಿಡಿಯೋ ತೆಗೆದುಹಾಕಿದೆ ಎಂದು ಬರೆದಿತ್ತು. ಹಾಡು ಯಾರದಂತೆ? ಒಂದು ಸಿನಿಮಾ ಕಂಪನಿಯದಂತೆ!

ಆ ಹಾಡಿಗೆ ರಾಗ ಹಾಕಿದವರು ಆರೋಗ್ಯಸ್ವಾಮಿಯೇ. ಬ್ಯಾಂಕಿನ ಕೆಲಸ ಮುಗಿಸಿ ಬಂದು, ಕೀಬೋರ್ಡಿನ ಮುಂದೆ ಕೂತು, ಲೂಸಿಯ ದನಿ ಎಲ್ಲಿಯವರೆಗೆ ಏರುತ್ತದೋ ಅಷ್ಟಕ್ಕೇ ಅಳೆದು ಕಟ್ಟಿದ್ದು. ಸಾಲುಗಳು ಅವಳವು. ಚರ್ಚಿನಲ್ಲಿ ಅವಳು ಮೊದಲ ಸಲ ಹಾಡಿದಾಗ ಮಗಳು ರೋಸ್‌ಮೇರಿ ಫೋನಿನಲ್ಲಿ ಹಿಡಿದು ತನ್ನ ಚಾನೆಲ್‌ಗೆ ಹಾಕಿದ್ದಳು. ಅವತ್ತು ಗಾಯನವೃಂದಕ್ಕೆ ತಬಲಾ ನುಡಿಸಲು ಬಂದಿದ್ದ ಮಹಾಶಯನೊಬ್ಬ ಬಾಯ್ತುಂಬ ಹೊಗಳಿ, ಮುಂದೆ ಬೆಂಗಳೂರಿಗೆ ಹೋಗಿ ಸಂಗೀತ ನಿರ್ದೇಶಕನಾದ. ಇದೇ ಹಾಡನ್ನು ಎತ್ತಿ ಸಿನಿಮಾಕ್ಕೆ ಹಾಕಿಕೊಂಡ; ಯೇಸುವಿನ ಹೆಸರಿದ್ದ ಕಡೆ ಹುಡುಗಿಯ ಹೆಸರು ತುರುಕಿದ, ಅಷ್ಟೇ. ಈಗ ಆಟೋದಲ್ಲಿ, ಮದುವೆಮನೆಯಲ್ಲಿ, ಎಲ್ಲೆಲ್ಲೂ ಅದೇ ಹಾಡು. ಕದ್ದವನು ಕದ್ದ, ಹಾಳಾಗಿ ಹೋಗಲಿ. ಕಳೆದುಕೊಂಡವರ ಮನೆಗೇ ಬಂದು ನೀವೇ ಕಳ್ಳರು ಅನ್ನುವುದೇ?

"ಇನ್ನೊಂದು ಕಾಪಿ ಎಲ್ಲಮ್ಮಾ?" ಎಂದು ಮಗಳನ್ನು ಕೇಳಿದರು.

"ಫೋನಲ್ಲಿ ಜಾಗ ಇರ್ಲಿಲ್ಲ ಅಂತ ಅಳಿಸ್ಬುಟ್ಟೆ ಕಣಪ್ಪಾ. ಚಾನೆಲ್‌ನಲ್ಲಿ ಇದ್ಯಲ್ಲ, ಎಲ್ಲಿಗೆ ಹೋಗುತ್ತೆ ಅಂತ..." ರೋಸ್‌ಮೇರಿ ಅಳತೊಡಗಿದಳು. ಲೂಸಿಯ ದನಿ ಅಂತ ಉಳಿದಿದ್ದು ಅದೊಂದೇ.

ಸರಸ್ವತಿಪುರಂನ ವಕೀಲ ಪ್ರಸಾದ್ ಮೊದಲು ಹುರುಪಿನಲ್ಲೇ ಇದ್ದರು. "ಸಿನಿಮಾಕ್ಕಿಂತ ನಿಮ್ಮ ವಿಡಿಯೋನೇ ಹಳೇದು ಸಾರ್, ಒಂದು ಕೈ ನೋಡೇಬಿಡೋಣ" ಎಂದು ಕಂಪನಿಗೆ ನೋಟಿಸು ಕಳಿಸಿದರು. ಉತ್ತರ ಬಂದ ದಿನ ಅವರ ಮುಖ ಇಳಿದುಹೋಗಿತ್ತು.

"ಹಾಡೋಕೆ ಮುಂಚೆ ನೀವು ಏನೋ ಹೇಳಿದೀರಂತಲ್ಲ ಸಾರ್, ವಿಡಿಯೋದಲ್ಲಿ?"

ಆರೋಗ್ಯಸ್ವಾಮಿಗೆ ಆಗ ನೆನಪಾಯಿತು. ಅವರ ಗಾಯನವೃಂದದಲ್ಲೊಂದು ಪದ್ಧತಿ. ಹೊಸ ಹಾಡು ಕಟ್ಟಿದವರು ಬಲಿಪೀಠದ ಕಡೆ ತಿರುಗಿ, ಕೈಮುಗಿದು, ಎಲ್ಲರಿಗೂ ಕೇಳುವಂತೆ "ಈ ಹಾಡು ನನ್ನದಲ್ಲ" ಎನ್ನಬೇಕು. ಕೊಟ್ಟವನು ದೇವರು, ನನ್ನದೆಂದು ಬೀಗಬಾರದು ಎಂಬ ಭಕ್ತಿ.

"ಅದು ದೇವರ ಮುಂದೆ ಹೇಳೋ ಮಾತು ಕಣ್ರೀ! ನಮ್ಮಲ್ಲಿ ಎಲ್ರೂ ಹೇಳ್ತಾರೆ!"

"ನಂಗೆ ಅರ್ಥ ಆಗುತ್ತೆ. ಆದ್ರೆ ನನ್ನದಲ್ಲ ಅಂತ ನೀವೇ ಒಪ್ಕೊಂಡಿದೀರಿ ಅಂತ ಅವರು ಅದನ್ನೇ ಹಿಡ್ಕೊಂಡಿದಾರೆ. ಕೋರ್ಟಿಗೆ ಹೋಗಬಹುದು ಸಾರ್, ವರ್ಷಗಟ್ಟಲೆ ಎಳೆಯುತ್ತೆ, ಗೆಲ್ತೀವಿ ಅನ್ನೋ ಧೈರ್ಯ ನಂಗಿಲ್ಲ. ಹಾಡು ಅವರದೇ ಅಂತ ಬರೆದುಕೊಟ್ಟುಬಿಟ್ರೆ ವಿಡಿಯೋ ವಾಪಸ್ ಹಾಕಿಸ್ತಾರಂತೆ."

"ಥೂ! ನಮ್ಮ ಹಾಡು ನಾವು ಹಾಡೋಕೆ ಅವರ ಅಪ್ಪಣೆ ಬೇಕಾ?" ಎಂದು ಎದ್ದು ಬಂದರು. ಸತ್ತರೂ ಬರೆದುಕೊಡುವುದಿಲ್ಲ ಎಂದುಕೊಂಡೇ ಆಟೋ ಹತ್ತಿದರು.

ಹಾಳು ಆಟೋದಲ್ಲೂ ಅದೇ ಸಿನಿಮಾ ಹಾಡು. ಅವರು ಕಣ್ಣು ಮುಚ್ಚಿ, ಲೂಸಿ ಹಾಡಿದ್ದನ್ನು ಮನಸ್ಸಿಗೆ ತಂದುಕೊಳ್ಳಲು ನೋಡಿದರು. ಬರಲಿಲ್ಲ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಕೂತರೂ ಕಿವಿಯೊಳಗೆ ಹಾಡುತ್ತಿದ್ದವಳು ಆ ಸಿನಿಮಾದ ಗಾಯಕಿ. ನಲವತ್ತು ವರ್ಷ ಪಕ್ಕದಲ್ಲಿದ್ದ ದನಿ ಹೇಗಿತ್ತೆಂಬುದೇ ಮರೆಯುತ್ತಿದೆಯಲ್ಲ ಎಂದು ಅವರಿಗೆ ಭಯವಾಯಿತು. ಮರುದಿನ ಪ್ರಸಾದ್ ಕೊಟ್ಟ ಕಾಗದಕ್ಕೆ, ಓದದೆ, ಸಹಿ ಹಾಕಿದರು.

ಚರ್ಚಿನಲ್ಲಿ ಲೂಸಿಯ ವರ್ಷದ ಪೂಜೆ ಮುಗಿದು ಮನೆಯಲ್ಲಿ ಊಟವಾದ ಮೇಲೆ ರೋಸ್‌ಮೇರಿ ಟಿವಿಯಲ್ಲಿ ಅಮ್ಮನ ವಿಡಿಯೋ ಹಾಕಿದಳು. ಕೆಳಗೆ ಕಂಪನಿಯ ಹೆಸರಿತ್ತು. ಮೊದಲಿಗೆ ಸಾಬೂನಿನ ಜಾಹೀರಾತು. ಆಮೇಲೆ ಆರೋಗ್ಯಸ್ವಾಮಿಯೇ ಕಾಣಿಸಿಕೊಂಡು, ನಗುನಗುತ್ತ ಕೈಮುಗಿದು, ಈ ಹಾಡು ನನ್ನದಲ್ಲ ಎಂದರು. ಪಕ್ಕದಲ್ಲಿ ಲೂಸಿ ಹಾಡತೊಡಗಿದಳು. ಅವರು ಟಿವಿಯ ಹತ್ತಿರಕ್ಕೇ ಕುರ್ಚಿ ಎಳೆದುಕೊಂಡರು.

ಪಕ್ಕದ ಮನೆಗೆ ಹೊಸದಾಗಿ ಬಂದಿದ್ದ ಭಾನುಮತಿ ಕಣ್ಣೊರೆಸಿಕೊಂಡರು. "ಸಿನಿಮಾ ಹಾಡಿಗೆ ಯೇಸಪ್ಪನ ಹೆಸರು ಸೇರಿಸಿ ಎಷ್ಟು ಚೆನ್ನಾಗಿ ಹಾಡವ್ರೆ ಲೂಸಿಯಮ್ಮ! ಯಾವ ಸಿನಿಮಾದ್ದಣ್ಣ ಇದು?"

ರೋಸ್‌ಮೇರಿ ಅಪ್ಪನ ಮುಖ ನೋಡಿದಳು.

ಆರೋಗ್ಯಸ್ವಾಮಿ ಆ ಸಿನಿಮಾದ ಹೆಸರು ಹೇಳಿದರು.