ಎದೆಗೆ ಕಟ್ಟಿದ ಮಲ್ಲಿಗೆ

"ರವಿಕೆ ಒಳಗೇನೈತೆ, ತೆಗಿಯೇ ಬೋಸುಡಿ."

ಅರಸೀಕೆರೆ ಆಚೆಯ ತೆಂಗಿನಕಾಯಿ ಪುಡಿ ಫ್ಯಾಕ್ಟರಿಯ ಗೇಟಿನಲ್ಲಿ ಸಾಹುಕಾರ ಮರುಳಪ್ಪ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಪಕ್ಕದ ಮೇಜಿನ ಮೇಲೆ ಅವನ ಟೀ, ಅವನೊಬ್ಬನೇ ಕುಡಿಯುವ ಗಾಜಿನ ಲೋಟದಲ್ಲಿ. ಎದುರಿಗೆ ಸಾಕಮ್ಮ ನಿಂತಿದ್ದಳು. ರವಿಕೆ ಎರಡೂ ಕಡೆ ಒದ್ದೆಯಾಗಿ, ಸೆರಗಿಗೂ ಬಿಳಿ ಕಲೆ ಇಳಿದಿತ್ತು. ಬೆನ್ನ ಹಿಂದೆ ಮನೆಗೆ ಹೊರಟ ಹೆಂಗಸರ ಸಾಲು. ಗೇಟಿನಾಚೆ ಬಾಣಾವರದ ಟೆಂಪೋ ಬಿಟ್ಟು ಬಿಟ್ಟು ಹಾರನ್ ಹೊಡೆಯುತ್ತಿತ್ತು.

ದಿನಾ ಸಂಜೆ ಹೆಂಗಸರ ಮೈ ತಡವಿ ಆಚೆ ಬಿಡುವ ಕೆಲಸ ಮುನಿಯಮ್ಮನದು. ಅವಳು ಸಾಕಮ್ಮನ ಚಿಕ್ಕವ್ವ, ತಾಯಿಯ ಒಡಹುಟ್ಟಿದವಳು. ಕಾಯಿಯ ಕಂದು ಸಿಪ್ಪೆ ಹೆರೆದು ಹೆರೆದು ಬೆರಳು ಮಡಚಲು ಬಾರದಂತಾದ ಮೇಲೆ ಅವಳಿಗೆ ಗೇಟಿನ ಸ್ಟೂಲು ಸಿಕ್ಕಿತ್ತು. ಅಕ್ಕನ ಮಗಳ ಒದ್ದೆ ರವಿಕೆ ಅವಳಿಗೆ ಯಾವತ್ತೂ ಕಂಡಿರಲಿಲ್ಲ. ಕಂಡರೂ ಮೇಲೆ ಮೇಲೆ ಕೈಯಾಡಿಸಿ, ನಡಿಯೇ ಸಾಕು ಅನ್ನುತ್ತಿದ್ದಳು. ಕಾಯಿ ಕಳವಾಗುತ್ತಿದೆ ಅನ್ನುವ ಸಿಟ್ಟಿಗೆ ಇವತ್ತು ಸಾಹುಕಾರ ತಾನೇ ಬಂದು ಕೂತಿದ್ದ.

ಮೊಲೆ ಕುಡಿಯುವ ಕೂಸಿರುವವಳನ್ನು ಆ ಫ್ಯಾಕ್ಟರಿ ಸೇರಿಸಿಕೊಳ್ಳುವುದಿಲ್ಲ. ಅಂಥವರು ಹೊತ್ತು ಹೊತ್ತಿಗೂ ಮನೆಗೆ ಓಡುತ್ತಾರಂತೆ, ಕೆಲಸದ ಮೇಲೆ ಅವರಿಗೆ ನಿಗಾ ಇರುವುದಿಲ್ಲವಂತೆ. ಮೂಟೆ ಹೊರುತ್ತಿದ್ದ ಸಾಕಮ್ಮನ ಗಂಡ ಬೆನ್ನು ಮುರಿದುಕೊಂಡು ಮಲಗಿದಾಗ ಕೂಸಿಗೆ ಆಗಷ್ಟೇ ಕತ್ತು ನಿಲ್ಲುತ್ತಿತ್ತು. ಕೂಸು ಹಾಲು ಬಿಟ್ಟಿದೆ ಅನ್ನು ಎಂದು ಹೇಳಿಕೊಟ್ಟವಳು ಮುನಿಯಮ್ಮನೇ. ಹಾಲು ಬತ್ತಲಿ ಅಂತ ಮಲ್ಲಿಗೆ ದಂಡೆ ತಂದು, ಎದೆಗೆ ಬಿಗಿಯಾಗಿ ಕಟ್ಟಿ, ಮೇಲೊಂದು ಬಟ್ಟೆ ಸುತ್ತಿದವಳೂ ಅವಳೇ. ದಿನಾ ಹೊಸ ಹೂವು ಕಟ್ಟಿಕೋ, ಅದರ ತಂಪಿಗೆ ಹಾಲು ಹಿಂದಕ್ಕೆ ಹೋಗುತ್ತದೆ ಅಂದಿದ್ದಳು.

ಹಾಲು ಹಿಂದಕ್ಕೆ ಹೋಗಲಿಲ್ಲ, ಕೂಸು ಹಿಂದಕ್ಕೆ ಸರಿಯಿತು. ರಾತ್ರಿ ಎತ್ತಿಕೊಂಡರೆ ಬಾಡಿದ ಹೂವಿನ ವಾಸನೆಗೆ ಮುಖ ತಿರುಗಿಸಿ, ಹಗಲೆಲ್ಲ ಮನೆಯಲ್ಲಿ ನೋಡಿಕೊಳ್ಳುವ ಅಜ್ಜಿಯ ಕಡೆ ಜಗ್ಗುತ್ತಿತ್ತು. ಪಾಕೀಟು ಹಾಲಿನ ಬಾಟಲಿ ಇರುತ್ತಿದ್ದುದು ಅಜ್ಜಿಯ ಕೈಯಲ್ಲಿ.

ಇಲ್ಲಿ ಫ್ಯಾಕ್ಟರಿಯಲ್ಲಿ ಮಧ್ಯಾಹ್ನದ ಹೊತ್ತಿಗೆಲ್ಲ ಎದೆ ಕಲ್ಲಾಗುತ್ತಿತ್ತು. ಕಾಯಿನೀರು ಹರಿಯುವ ಮೋರಿಯ ಬದಿಗೆ ಕೂತು ಹಿಂಡುತ್ತಿದ್ದಳು. ಮೋರಿಯ ನೀರೂ ಬೆಳ್ಳಗೆ, ಇದೂ ಬೆಳ್ಳಗೆ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಎದೆಹಾಲನ್ನು ಮೋರಿಗೆ ಚೆಲ್ಲಬಾರದು, ಕಾಲು ತುಳಿಯುವ ಕಡೆ ಚೆಲ್ಲಬಾರದು, ಗಿಡದ ಬುಡಕ್ಕೆ ಹಾಕಬೇಕು, ಇಲ್ಲದಿದ್ದರೆ ಕೂಸಿಗೆ ಕೇಡು ಎಂದು ಬಾಣಂತನದಲ್ಲಿ ನೀರು ಹುಯ್ಯುತ್ತಾ ಇದೇ ಚಿಕ್ಕವ್ವ ಹೇಳಿದ್ದಳು. ಫ್ಯಾಕ್ಟರಿಯ ಅಂಗಳದಲ್ಲಿ ಗಿಡವಿರಲಿಲ್ಲ. ಗೋಡೆಯಿಂದ ಗೋಡೆಗೆ ಸಿಮೆಂಟು. ಇವತ್ತು ಲೋಡು ಹೋಗಬೇಕೆಂದು ಮೇಸ್ತ್ರಿ ಯಾರನ್ನೂ ಕೂತಲ್ಲಿಂದ ಏಳಗೊಡದೆ, ಆ ಮೋರಿಯೂ ಸಿಕ್ಕಿರಲಿಲ್ಲ.

"ಕಾಯಿಚೂರು ತುರುಕ್ಕಂಡವ್ಳೆ, ಹಾಲು ಸೋರ್ತಾ ಐತೆ. ಕೈ ಹಾಕೇ ಮುನಿಯಮ್ಮ," ಎಂದ ಮರುಳಪ್ಪ.

ಮುನಿಯಮ್ಮ ಕೈ ಹಾಕಿದಳು. ಈಚೆಗೆ ಬಂದದ್ದು ಕಂದಿ ಮುದ್ದೆಯಾದ ಮಲ್ಲಿಗೆ ದಂಡೆ.

ಮರುಳಪ್ಪ ಹೊಟ್ಟೆ ಕುಲುಕಿಸಿ ನಕ್ಕ. "ಹೂವ ತಲೆಗೆ ಮುಡಿಯೋರ ನೋಡಿದ್ದೆ, ಮೊಲೆಗೆ ಮುಡಿಯೋಳ ಇವತ್ತೇ ಕಂಡಿದ್ದು. ಯಾವನಿಗೇ ಈ ಸಿಂಗಾರ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆದರೆ ಅವನೂ ಮಕ್ಕಳೊಂದಿಗ. ಎದೆಗೆ ಮಲ್ಲಿಗೆ ಯಾಕೆ ಕಟ್ಟುತ್ತಾರೆ ಅನ್ನುವುದು ನಗುತ್ತಿದ್ದಂತೆಯೇ ಅವನಿಗೆ ಹೊಳೆಯಿತು. ನಗು ನುಂಗಿಕೊಂಡು ಮುನಿಯಮ್ಮನ ಕಡೆ ತಿರುಗಿದ. "ಎಳೆಗೂಸು ಐತೇನೇ ಇವಳಿಗೆ? ಕರ್ಕಂಡು ಬಂದೋಳು ನೀನು. ಸುಳ್ಳೇಳಿ ಸೇರಿಸಿದ್ರೆ ಇಬ್ರೂ ಈಗ್ಲೇ ಆಚೆಗೆ."

ಸಾಕಮ್ಮ ಚಿಕ್ಕವ್ವನನ್ನು ನೋಡಿದಳು. ಚಿಕ್ಕವ್ವ ಸ್ಟೂಲನ್ನು ನೋಡಿದಳು.

"ಇಲ್ಲ ಸಾವ್ಕಾರ್ರೆ. ಅದು ಮೊಲೆ ಬಿಟ್ಟು ವರ್ಸಾತು. ಕಾಯಿ ವಾಸ್ನೆ ಗೊತ್ತಾಗ್ದಿರ್ಲಿ ಅಂತ ಹೂವ ಇಕ್ಕಂಡವ್ಳೆ, ಕಳ್ಳ ಮುಂಡೆ. ನಿಮ್ಮ ಕಂಡು ಚೂರ್ನ ಎಲ್ಲೋ ಎಸ್ದಿರ್ಬೇಕು."

ಗಂಡ ಇನ್ನೂ ಮಲಗಿದಲ್ಲೇ ಉಸಿರಾಡುತ್ತಿದ್ದ. ಮುಂಡೆ ಎಂದ ಬಾಯಿ, ಹೆರಿಗೆಯ ನೋವಿನಲ್ಲಿ ಅವಳ ಕಿವಿಗೆ ತಾಗಿಕೊಂಡು 'ಇನ್ನೊಂದು ದಪ ಮುಕ್ಕವ್ವ, ನನ್ನ ತಾಯಿ' ಎಂದಿದ್ದ ಬಾಯಿ.

ಮರುಳಪ್ಪನಿಗೂ ಎಳೆಗೂಸಿನ ತಾಯಿಗಿಂತ ಕಳ್ಳಿಯೇ ಸಲೀಸಾದಳು. ಬಡವರ ಹೊಟ್ಟೆ ಮೇಲೆ ಹೊಡೆಯೋನು ತಾನಲ್ಲ, ಕದ್ದೆ ಅಂತ ಎಲ್ಲರೆದುರು ಒಪ್ಪಿಕೊಂಡು ಕಾಲು ಹಿಡಿದರೆ ನಾಳೆಯೂ ಕೆಲಸಕ್ಕೆ ಬರಬಹುದು ಎಂದು ಕಾಲು ಮುಂದಕ್ಕೆ ಚಾಚಿದ.

"ಒಪ್ಕಳೇ," ಎಂದು ಚಿಕ್ಕವ್ವ ತುಟಿಯಲ್ಲೇ ಅಂದಳು. "ಒಂದ್ ಮಾತು. ಇಬ್ರ ಅನ್ನಾನೂ ಉಳೀತದೆ."

ಸಾಕಮ್ಮ ಬಗ್ಗಿದಳು. ಕೈ ಇನ್ನೇನು ಆ ಪಾದ ಮುಟ್ಟಬೇಕು, ರವಿಕೆಯಿಂದ ಒಂದು ಹನಿ ಸಿಮೆಂಟಿನ ಮೇಲೆ ಬಿತ್ತು. ಅದು ಹರಡಿ ಇಂಗುವುದನ್ನೇ ನೋಡಿದಳು. ಆಮೇಲೆ ಎದ್ದಳು. ಮೇಜಿನ ಮೇಲಿದ್ದ ಗಾಜಿನ ಲೋಟ ಎತ್ತಿ ಟೀಯನ್ನು ಅವನ ಕಾಲ ಬುಡಕ್ಕೆ ಸುರಿದಳು. ರವಿಕೆಯ ಗುಂಡಿ ಬಿಚ್ಚಿದಳು. ಲೋಟದ ತಳಕ್ಕೆ ಚರ್ರೆಂದು ಹಾಲು ಬಿದ್ದ ಸದ್ದು ಸಾಲಿನ ಕೊನೆಯವರೆಗೂ ಕೇಳಿತು. ತಿರುಗಿದ್ದ ಮುಖಗಳು ನೆಲ ನೋಡಿದವು. ಅರ್ಧ ತುಂಬಿದ ಲೋಟವನ್ನು ಅವನ ಮುಂದಿಟ್ಟಳು.

"ಕುಡ್ದು ನೋಡಿ ಸಾವ್ಕಾರ್ರೆ. ನಿಮ್ಮ ಕಾಯಿ ರುಚಿ ನಿಮಗೆ ಗೊತ್ತಿರ್ತದಲ್ಲ."

ಗುಂಡಿ ಹಾಕಿಕೊಂಡು ಗೇಟು ದಾಟಿದಳು. ಯಾರೂ ತಡೆಯಲಿಲ್ಲ. ಟೆಂಪೋ ಹತ್ತದೆ ಮುಂದಕ್ಕೆ ನಡೆದಳು. ಹಿಂದಿನಿಂದ ಮರುಳಪ್ಪನ ದನಿ ಬಂತು: ಚೆಲ್ಲೇ ಮುನಿಯಮ್ಮ ಅದನ್ನ ಮೋರಿಗೆ, ಲೋಟಾನೂ ಎಸಿ.

ರಸ್ತೆಗೆ ಇಳಿಯುವಲ್ಲಿ ಒಮ್ಮೆ ತಿರುಗಿದಳು. ಮುನಿಯಮ್ಮ ಮೋರಿಯ ಅಂಚಿನಲ್ಲಿದ್ದಳು. ಮಡಚಲು ಬಾರದ ಬೆರಳುಗಳ ನಡುವೆ ಮಲ್ಲಿಗೆ ದಂಡೆಯೂ ಲೋಟವೂ ಇದ್ದವು. ಅವಳ ಕಣ್ಣು ಆ ಸಿಮೆಂಟಿನ ಉದ್ದಗಲಕ್ಕೆ ಏನನ್ನೋ ಹುಡುಕುತ್ತಿತ್ತು. ಚೆಲ್ಲೇ ಅಂದ್ರೆ, ಎಂದು ಸಾಹುಕಾರ ಮತ್ತೆ ಕೂಗಿದ. ಲೋಟ ಓರೆಯಾಗಲಿಲ್ಲ.